ತಡವಾಗಿ ಬರುತ್ತಿದ್ದ ಪೆಟ್ಟಿಗೆ: ಮಧುಗಿರಿ ಸೀಮೆಯ ಟೆಂಟ್ ಸಿನಿಮಾ

ಅಮೆರಿಕದಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸ ಮಕ್ಕಳಿಗಿಂತ ದೊಡ್ಡವರದು. ಅಸಲಿಗಿಂತ 87 ಪಟ್ಟು ಚಿಕ್ಕದಾದ ಎಂಜಿನ್ನು, ಬೋಗಿ, ಹಳಿ, ಗೇಟುಗಳನ್ನು ಮೇಜಿನ ಮೇಲೆ ಜೋಡಿಸಿ, ಹಳಿಯ ಪಕ್ಕಕ್ಕೆ 1950ರ ದಶಕದ ಒಂದು ಪಟ್ಟಣವನ್ನೇ ಎಬ್ಬಿಸುತ್ತಾರೆ. ಆ ಪಟ್ಟಣದ ಅಂಚಿನಲ್ಲಿ ಬೆರಳುದ್ದದ ಕಾರುಗಳು ಬಿಳಿ ಪರದೆಯತ್ತ ಮುಖ ಮಾಡಿ ಸಾಲಾಗಿ ನಿಂತ ಡ್ರೈವ್-ಇನ್ ಥಿಯೇಟರ್ ಇದ್ದರಂತೂ ನೋಡುವವರ ಕಣ್ಣು ಅಲ್ಲೇ ನೆಟ್ಟುಬಿಡುತ್ತದೆ. ಹಳೆಯ ಕಾಲದ ಮೇಲಿನ ಮೋಹ ಮಾಡುವ ಕೆಲಸವೇ ಅದು: ಕಾಲವನ್ನು ಅಲುಗದಂತೆ ನಿಲ್ಲಿಸಿ, ಧೂಳು ಒರೆಸಿ, ದೀಪ ಹಚ್ಚುವುದು. ನಮ್ಮ ಟೆಂಟ್ ಸಿನಿಮಾಕ್ಕೂ ಇದೇ ಗತಿಯಾಗಿದೆ. ಮರಳಿನ ಗುಡ್ಡೆ, ಹುರಿದ ಕಡ್ಲೆಕಾಯಿ, ಬೀಡಿ ಹೊಗೆ, ಟಿಕೆಟ್ ಶುರುವಾಯಿತೆಂದು ಊರಿಗೆಲ್ಲ ಸಾರುತ್ತಿದ್ದ ಘಂಟಸಾಲ ಅವರ ‘ನಮೋ ವೆಂಕಟೇಶ’ ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಆ ಟೆಂಟು ಅಲ್ಲೇ ಯಾಕೆ ಬಂತು, ಅಷ್ಟು ಕಾಲ ಹೇಗೆ ನಿಂತಿತು, ಯಾಕೆ ಹೋಯಿತು ಎಂದು ಕೇಳುವವರು ಕಡಿಮೆ. ಕೇಳುವುದಾದರೆ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಬರಬೇಕು. ಟೆಂಟ್ ಸಿನಿಮಾ ಬದುಕಿದ್ದು ಸಿನಿಮಾ ತಡವಾಗಿ ಬರುತ್ತಿದ್ದ ಕಾರಣಕ್ಕೆ, ಆ ತಡ ಮುಗಿದಾಗ ಅದರ ಆಯಸ್ಸೂ ಮುಗಿಯಿತು ಎಂಬುದು ನನ್ನ ವಾದ. ಅದಕ್ಕೆ ಈ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮೊದಲು ಹಳಿಯ ವಿಷಯ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅಲ್ಲಿಂದ ಹಳಿ ಪಶ್ಚಿಮಕ್ಕೆ ತಿರುಗಿ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಆ ದಶಕ ಮುಗಿಯುವ ಹೊತ್ತಿಗೆ ಹರಿಹರ ಮುಟ್ಟಿತು. ಪೂರ್ವದಲ್ಲಿ ಬೆಂಗಳೂರು-ಗುಂತಕಲ್ ಮಾರ್ಗ ಗೌರಿಬಿದನೂರು, ಹಿಂದೂಪುರದ ಮೇಲೆ ಹಾದುಹೋಯಿತು. ಈ ಎರಡು ಗೆರೆಗಳ ನಡುವೆ ನಮ್ಮ ನಾಲ್ಕು ತಾಲ್ಲೂಕುಗಳು ಉಳಿದುಬಿಟ್ಟವು. ಇಪ್ಪತ್ತನೆಯ ಶತಮಾನ ಪೂರ್ತಿ ಕಳೆದರೂ ಇಲ್ಲಿ ರೈಲಿನ ಸದ್ದಿರಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವ ತುಮಕೂರು-ರಾಯದುರ್ಗ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದೇ 2007-08ರಲ್ಲಿ. ಇದಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎನ್ನಬಹುದು. ದಕ್ಷಿಣ ಭಾರತದಲ್ಲಿ ಚಲಿಸುವ ಚಿತ್ರವನ್ನು ಊರೂರಿಗೆ ಹೊತ್ತುಕೊಂಡು ಹೋದ ಮೊದಲಿಗರಲ್ಲಿ ಒಬ್ಬರಾದ ಸ್ವಾಮಿಕಣ್ಣು ವಿನ್ಸೆಂಟ್ ತಿರುಚ್ಚಿಯ ರೈಲ್ವೆ ನೌಕರ. 1905ರಲ್ಲಿ ಡ್ಯುಪಾಂಟ್ ಎಂಬ ಫ್ರೆಂಚರವನಿಂದ ಪ್ರೊಜೆಕ್ಟರನ್ನೂ ಯೇಸುವಿನ ಜೀವನದ ಚಿತ್ರವನ್ನೂ ಕೊಂಡು ಊರೂರು ತಿರುಗಿದ ಅವರು, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿ ನೆಲೆ ನಿಂತರು. ಭಾರ ಹೊತ್ತು ಅಲೆಯುವ ಪ್ರದರ್ಶಕನಿಗೆ ಹಳಿ ಇದ್ದಲ್ಲಿ ಅನುಕೂಲ. ನಾಟಕ ಕಂಪನಿಗಳಿಗೂ ಅಷ್ಟೆ. 1884ರಲ್ಲೇ ಹುಟ್ಟಿದ ಗುಬ್ಬಿ ಕಂಪನಿಗೆ ತನ್ನ ಸೀನರಿ, ಪೆಟಾರಿಗಳನ್ನೆಲ್ಲ ಸಾಗಿಸಲು ಊರ ಪಕ್ಕದಲ್ಲೇ ರೈಲು ದಾರಿ ಸಿಕ್ಕಿದ್ದು ಸಣ್ಣ ಅದೃಷ್ಟವೇನಲ್ಲ. ಮಧುಗಿರಿ ಸೀಮೆಗೆ ಬರಬೇಕಾದವರಿಗೆ ಅಂಥ ಸೌಕರ್ಯವಿರಲಿಲ್ಲ. ಅವರು ಮೊದಲು ಎತ್ತಿನ ಗಾಡಿಯನ್ನೂ, ಆಮೇಲೆ ಲಾರಿಯನ್ನೂ ನೆಚ್ಚಬೇಕಾಯಿತು.

ಲಾರಿಯಲ್ಲಿ ಬಂದದ್ದು ಏನೇನು ಎಂದು ನೋಡಿದರೆ ಟೆಂಟಿನ ಅರ್ಥಶಾಸ್ತ್ರ ಅರ್ಧ ತಿಳಿಯುತ್ತದೆ. ಡೇರೆಯ ಬಟ್ಟೆ, ಕಂಬ, ಹಗ್ಗ, ಗೂಟ. ಪರದೆ. ಕರೆಂಟಿಲ್ಲದ ಊರಾದರೆ ಎಣ್ಣೆ ಎಂಜಿನ್ನು, ಡೈನಮೊ. ಧ್ವನಿವರ್ಧಕ. ಒಂದು, ಸಾಮಾನ್ಯವಾಗಿ ಒಂದೇ ಒಂದು, 35 ಮಿಲಿಮೀಟರ್ ಪ್ರೊಜೆಕ್ಟರು. ಅದರೊಳಗೆ ಬಲ್ಬಿರಲಿಲ್ಲ, ಎರಡು ಇಂಗಾಲದ ಕಡ್ಡಿಗಳ ತುದಿಯ ನಡುವೆ ಉರಿಯುವ ಕಿಡಿಯೇ ಬೆಳಕು. ಕಡ್ಡಿ ಉರಿದು ಸವೆದಂತೆ ತುದಿಗಳ ಅಂತರ ಹೆಚ್ಚಿ ಬೆಳಕು ಮಂಕಾಗುತ್ತದೆ. ಆಪರೇಟರು ಬಣ್ಣದ ಗಾಜಿನಲ್ಲಿ ನೋಡುತ್ತ ತಿರುಪು ತಿರುಗಿಸಿ ಕಡ್ಡಿಗಳನ್ನು ಮತ್ತೆ ಹತ್ತಿರ ತರುತ್ತಲೇ ಇರಬೇಕು. ಪರದೆ ಕೆಂಪಗಾಗಿ ಕತ್ತಲಾದಾಗ ನೆಲದಲ್ಲಿ ಕೂತವರು ಕೂಗಿಕೊಳ್ಳುತ್ತಿದ್ದುದು ಆತ ಒಂದು ಗಳಿಗೆ ಮೈಮರೆತದ್ದಕ್ಕೆ. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಹದಿನಾರು ರೀಲಿನ ಚಿತ್ರವೆಂದರೆ ಸುಮಾರು ಮೂರು ಗಂಟೆ. ಎರಡು ಪ್ರೊಜೆಕ್ಟರ್ ಇರುವ ಪಟ್ಟಣದ ಟಾಕೀಸಿನಲ್ಲಿ ಒಂದು ಮುಗಿಯುವಾಗ ಇನ್ನೊಂದು ಶುರುವಾಗುತ್ತದೆ. ಒಂದೇ ಇರುವಲ್ಲಿ, ರೀಲುಗಳನ್ನು ಜೋಡಿಸಿ ಸುತ್ತಿದ ಸ್ಪೂಲು ಮುಗಿದಾಗಲೆಲ್ಲ ದೀಪ ಹಾಕಲೇಬೇಕು. ಮೂರು-ನಾಲ್ಕು ಇಂಟರ್‌ವಲ್ ಬಂದದ್ದು ಹಾಗೆ. ಕಡ್ಲೆಕಾಯಿ, ಸೋಡಾ, ಬೀಡಿ ಮಾರುವವರಿಗೆ ಅದೇ ಸುಗ್ಗಿ. ಈ ತೊಡಕನ್ನೇ ನಾವು ಇಂದು ಮಧುರ ನೆನಪು ಎನ್ನುತ್ತೇವೆ. ಅಂದಿನ ಮಾಲೀಕನಿಗೆ ಅದು ಎರಡನೆಯ ಪ್ರೊಜೆಕ್ಟರಿನ ದುಡ್ಡು ಉಳಿಸುವ ದಾರಿ.

ಮಳೆಯನ್ನೂ ಇಲ್ಲಿ ಹೇಳಬೇಕು. ಜೂನ್ ಬಂತೆಂದರೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಲೆನಾಡಿನಲ್ಲಿ ಬಟ್ಟೆಯ ಡೇರೆ ನಿಲ್ಲುವುದು ಸುಲಭವಲ್ಲ. ಮಧುಗಿರಿ ಸೀಮೆ ಬಯಲುಸೀಮೆಯ ಪೂರ್ವದ ಅಂಚು. ಹಿಂಗಾರಿನ ಹೊತ್ತಿನ ಎರಡು-ಮೂರು ತಿಂಗಳು ಬಿಟ್ಟರೆ ಆಕಾಶ ಬಹುಮಟ್ಟಿಗೆ ಖಾಲಿ. ರೈತನ ಪಾಲಿನ ಶಾಪವೇ ಟೆಂಟಿನವನ ಪಾಲಿಗೆ ವರವಾಯಿತು. ಈ ವರಕ್ಕೂ ರೈತನ ಜೇಬಿನ ಮಿತಿ ಇದ್ದೇ ಇತ್ತು. ಪಾವಗಡ, ಶಿರಾ, ಮಧುಗಿರಿಯ ಕೆಂಪು ಮಣ್ಣಿನ ಬೆಳೆ ಕಡ್ಲೆಕಾಯಿ. ಬಿತ್ತನೆ ಮುಂಗಾರಿನಲ್ಲಿ, ಕೀಳುವುದು ಅಕ್ಟೋಬರ್-ನವೆಂಬರಿನಲ್ಲಿ. ಕೈಯಲ್ಲಿ ಕಾಸು ಓಡಾಡುವುದು ಅದಾದ ಮೇಲೆ. ಪುಷ್ಯದಲ್ಲಿ ನಾಗಲಮಡಿಕೆ ಸುಬ್ರಹ್ಮಣ್ಯನ ಜಾತ್ರೆ, ದನಗಳ ಪರಿಷೆ. ಬೇಸಿಗೆಯ ಹೊಸ್ತಿಲಲ್ಲಿ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ. ಹೀಗೆ ಜನ ಸೇರುವ, ದುಡ್ಡು ಬಿಚ್ಚುವ ದಿನಗಳೆಲ್ಲ ಒಣ ತಿಂಗಳುಗಳಲ್ಲೇ ಬೀಳುತ್ತವೆ. ಪಂಚಾಂಗ, ಮಳೆ ನಕ್ಷತ್ರ, ಸಂತೆಯ ವಾರ ಈ ಮೂರನ್ನೂ ನೋಡಿ ಬೀಡುಬಿಡಬೇಕಾದ ವ್ಯಾಪಾರಕ್ಕೆ ಕಲ್ಲಿನ ಕಟ್ಟಡ ಒಗ್ಗುವುದಿಲ್ಲ. ವರ್ಷವಿಡೀ ಬಾಗಿಲು ತೆಗೆದಿಡುವ ಟಾಕೀಸನ್ನು ತಾಲ್ಲೂಕು ಕೇಂದ್ರ ತಾಳಿಕೊಂಡೀತು. ಕೊಡಿಗೇನಹಳ್ಳಿ, ಹೊಳವನಹಳ್ಳಿ, ಬುಕ್ಕಾಪಟ್ಟಣ, ವೈ.ಎನ್. ಹೊಸಕೋಟೆಯಂಥ ಹೋಬಳಿ ಊರಿನ ಶಕ್ತಿ ಅಷ್ಟಿರಲಿಲ್ಲ. ಅಂಥ ಊರುಗಳಿಗೆ ಬಂದು ಹೋಗುವ ಸಿನಿಮಾವೇ ತಕ್ಕದ್ದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಡೇರೆ, ಎಂಜಿನ್ನು, ಜನ ಎಲ್ಲ ಇದ್ದರೂ ತೋರಿಸಲು ಚಿತ್ರ ಬೇಕಲ್ಲ. ಎರಡು-ಮೂರು ದಿನಕ್ಕೊಮ್ಮೆ ಆಟ ಬದಲಿಸದಿದ್ದರೆ ಹೋಬಳಿಯ ಜನ ಮುಗಿದುಹೋಗುತ್ತಾರೆ. ವಾರಕ್ಕೆ ಎರಡು ಎಂದರೂ ವರ್ಷಕ್ಕೆ ನೂರು ಚಿತ್ರ. ಆದರೆ 1950ರ ದಶಕದಲ್ಲಿ ವರ್ಷಕ್ಕೆ ಹತ್ತು-ಹದಿನೈದು ಕನ್ನಡ ಚಿತ್ರ ತಯಾರಾದರೆ ಅದೇ ಹೆಚ್ಚು. ಅವುಗಳ ಪ್ರಿಂಟುಗಳೂ ಬೆರಳೆಣಿಕೆಯವು. ಒಂದೊಂದು ಪ್ರಿಂಟಿಗೂ ಸಾವಿರಾರು ಅಡಿ ಫಿಲ್ಮು, ಅದಕ್ಕೆ ದುಬಾರಿ ಬೆಲೆ. ಹಾಗಾಗಿ ಪ್ರಿಂಟು ಮೊದಲು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ದುಡಿದು, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಎಲ್ಲರೂ ಉಂಡು ಎದ್ದ ಮೇಲೆ ಟೆಂಟಿಗೆ ಬರುತ್ತಿತ್ತು. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷದ ಆಸುಪಾಸು ಓಡಿತು ಎನ್ನುವುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೊಲಕ್ಕೆ ಮರಳಿದವನ ಕಥೆಯನ್ನು ನಗರ ಅಷ್ಟು ಕಾಲ ಹಿಡಿದಿಟ್ಟುಕೊಂಡಾಗ ಹೊಲದಲ್ಲೇ ಇದ್ದವನು ತನ್ನ ಸರದಿಗೆ ಕಾಯಬೇಕಾಗಿತ್ತು ಎಂಬುದನ್ನೂ ಅದರ ಜೊತೆಗೇ ಹೇಳಬೇಕು. ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದ ತಗಡಿನ ಪೆಟ್ಟಿಗೆಯೊಳಗೆ ಗೀರು ಬಿದ್ದು, ಅಂಟು ಹಾಕಿ, ಅಲ್ಲಲ್ಲಿ ಹಾಡಿನ ತುಂಡೇ ಮಾಯವಾದ ಪ್ರಿಂಟು ಇರುತ್ತಿತ್ತು. ಪರದೆಯ ಮೇಲೆ ಮಳೆ ಸುರಿದಂತೆ ಕಾಣುತ್ತಿದ್ದುದು ಆ ಗೀರುಗಳೇ.

ತಡ ಎಂದರೆ ನಷ್ಟ ಎಂದು ತೋರುತ್ತದೆ. ಟೆಂಟಿನ ಮಾಲೀಕನಿಗೆ ಅದು ಲಾಭ. ಹೊಸ ಚಿತ್ರಕ್ಕೆ ಗಾಂಧಿನಗರದ ವಿತರಕ ಕೇಳುವ ಮುಂಗಡ, ಶೇಕಡಾವಾರು ಪಾಲು ಟೆಂಟಿಗೆ ಎಟುಕದ ಮಾತು. ಸವೆದ ಪ್ರಿಂಟು ಕಡಿಮೆ ಬಾಡಿಗೆಗೆ ಸಿಗುತ್ತದೆ. ಕಡಿಮೆ ಬಾಡಿಗೆಯಿಂದಲೇ ಚಿಲ್ಲರೆ ಕಾಸಿನ ಟಿಕೆಟ್ ಸಾಧ್ಯ. ಹೊಸ ಕನ್ನಡ ಚಿತ್ರ ಸಾಲದಾದಾಗ ‘ಬೇಡರ ಕಣ್ಣಪ್ಪ’ (1954), ‘ರಣಧೀರ ಕಂಠೀರವ’ (1960), ‘ಸತ್ಯ ಹರಿಶ್ಚಂದ್ರ’ (1965) ತರಹದವು ಮತ್ತೆ ಮತ್ತೆ ಬರಬಹುದಿತ್ತು. ಜೊತೆಗೆ ತೆಲುಗು, ತಮಿಳು, ಹಿಂದಿ. ನೋಡುವವರಿಗೂ ಚಿತ್ರ ಹಳೆಯದು ಎಂಬ ಕೊರಗಿರಲಿಲ್ಲ. ಹೊಸದನ್ನು ಮೊದಲ ದಿನವೇ ನೋಡಬೇಕು ಎಂಬ ಹಸಿವು ಹುಟ್ಟುವುದಕ್ಕೆ ಹೊಸದು ಬಂದಿದೆ ಎಂಬ ಸುದ್ದಿ ಮೊದಲು ಮುಟ್ಟಬೇಕು. ಹಾಗೆಂದು ಇದು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕಬಾರದು: ಪುರಾಣದ ಕಥೆಯನ್ನು ಹತ್ತನೆಯ ಸಲ ನೋಡುವವನು ಮುಂದೇನಾಗುತ್ತದೆಂದು ತಿಳಿಯಲು ಬಂದವನಲ್ಲ, ರಾಜಕುಮಾರ್ ಆ ಮಾತನ್ನು ಹೇಗೆ ಹೇಳುತ್ತಾರೆಂದು ಕೇಳಲು ಬಂದವನು.

ಪಾವಗಡದಲ್ಲಿ ಈ ತಡಕ್ಕೆ ಇನ್ನೊಂದು ತಿರುವು ಸೇರಿತ್ತು. ಭೂಪಟ ತೆಗೆದು ನೋಡಿ, ತಾಲ್ಲೂಕು ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಮಡಕಶಿರಾ, ಕಲ್ಯಾಣದುರ್ಗ, ಪೆನುಕೊಂಡ ಸುತ್ತುವರಿದಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಆದರೆ ಚಿತ್ರ ವಿತರಣೆಯ ಭೂಪಟವೇ ಬೇರೆ. ಅನಂತಪುರ ಕಡೆಯ ರಾಯಲಸೀಮೆಯನ್ನು ವ್ಯಾಪಾರದವರು ಇಂದಿಗೂ ‘ಸೀಡೆಡ್’ ಎನ್ನುತ್ತಾರೆ. 1800ರಲ್ಲಿ ಹೈದರಾಬಾದಿನ ನಿಜಾಮ ಆ ಜಿಲ್ಲೆಗಳನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟದ್ದರಿಂದ ಬಂದ ಹೆಸರದು. ನಿಜಾಮನೂ ಹೋದ, ಕಂಪನಿಯೂ ಹೋಯಿತು, ಸಿನಿಮಾ ಹಂಚಿಕೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಒಪ್ಪಂದ ಜಾರಿಯಲ್ಲಿದೆ. ಪಾವಗಡ ಬರುವುದು ‘ಮೈಸೂರು’ ಹಂಚಿಕೆಗೆ. ಅಂದರೆ ಗಡಿಯಾಚೆ ಕೂಗಳತೆಯಲ್ಲಿ ಓಡುತ್ತಿದ್ದ ತೆಲುಗು ಚಿತ್ರದ ಪ್ರಿಂಟು ಈಚೆಗೆ ಬರುವಂತಿರಲಿಲ್ಲ. ಆ ಚಿತ್ರದ ಮೈಸೂರು ಹಕ್ಕು ಪಡೆದವರ ಪ್ರಿಂಟು ಬೆಂಗಳೂರಿನಿಂದ ಇಳಿದು ಬರಬೇಕಿತ್ತು. ಹಕ್ಕಿನ ಗೆರೆಯೊಂದು ಭಾಷೆಯ ನೆಲವನ್ನು ಸೀಳಿದಾಗ ಒಂದೇ ಚಿತ್ರ ಹತ್ತಾರು ಮೈಲಿಯ ಅಂತರದಲ್ಲಿ ಎರಡು ಬೇರೆ ಬೇರೆ ಕಾಲಕ್ಕೆ ತಲುಪುವುದು ಸಹಜ. ಕಾಲಿಗೆ ಬಲವಿದ್ದವರು ಗಡಿ ದಾಟಿದರು, ಉಳಿದವರು ಕಾದರು. ತಡವನ್ನು ತಂದದ್ದು ದೂರ ಮಾತ್ರವಲ್ಲ, ಕಾಗದ ಪತ್ರವೂ ಹೌದು ಎನ್ನುವುದಕ್ಕೆ ಪಾವಗಡ ಪುರಾವೆ.

ಕಾಗದ ಪತ್ರ ಎಂದಾಗ ಕಾನೂನನ್ನು ನೋಡದೆ ಮುಂದೆ ಹೋಗುವಂತಿಲ್ಲ. 1918ರ ಸಿನಿಮಾಟೊಗ್ರಾಫ್ ಕಾಯ್ದೆ ಹುಟ್ಟಿದ್ದೇ ಎರಡು ಭಯಗಳಿಂದ: ಚಿತ್ರದಲ್ಲಿ ಏನಿದೆಯೋ ಎಂಬುದೊಂದು, ಫಿಲ್ಮಿಗೆ ಬೆಂಕಿ ಹತ್ತೀತು ಎಂಬುದು ಇನ್ನೊಂದು. ಆ ಕಾಲದ ನೈಟ್ರೇಟ್ ಫಿಲ್ಮು ನಿಜಕ್ಕೂ ಸಿಡಿಮದ್ದಿನ ಸಂಬಂಧಿಯೇ. ನಮ್ಮ ರಾಜ್ಯದಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆ, 1971ರ ನಿಯಮಗಳು ಬಂದ ಮೇಲೆ ಪರವಾನಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಯಲ್ಲಿ ನೆಲೆಯಾಯಿತು. ಖಾಯಂ ಟಾಕೀಸಿಗೆ ಒಂದು ದರ್ಜೆ, ಸಂಚಾರಿಗೆ ಇನ್ನೊಂದು. ಸಂಚಾರಿಯ ಪರವಾನಗಿ ಅವಧಿ ಕಿರಿದು, ಮತ್ತೆ ಮತ್ತೆ ಅರ್ಜಿ ಹಾಕಬೇಕು. ಹೀಗೆ ಟೆಂಟನ್ನು ಕಾನೂನು ಹುಟ್ಟಿನಿಂದಲೇ ತಾತ್ಕಾಲಿಕ ಎಂದು ಬರೆದಿಟ್ಟಿತ್ತು. ಟೆಂಟು ಮುಚ್ಚಿದ್ದಕ್ಕೆ ಕಾನೂನೇ ಕಾರಣ ಎನ್ನುವವರಿದ್ದಾರೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತ ಮೇಲೆ ಬಟ್ಟೆಯ ಡೇರೆ ಎಂದರೆ ಅಧಿಕಾರಿಗಳು ಎರಡು ಸಲ ಯೋಚಿಸಿದ್ದರೆ ತಪ್ಪು ಹೇಳಲಾಗದು. ಆದರೆ ಕಾನೂನು ಬಿಗಿಯಾಗಿದ್ದ ದಶಕಗಳಲ್ಲೇ ಟೆಂಟುಗಳು ಬೆಳೆದದ್ದು. ನಿಯಮ ಅವುಗಳ ಖರ್ಚು ಹೆಚ್ಚಿಸಿತು, ಮಾಲೀಕನನ್ನು ಕಚೇರಿಯಿಂದ ಕಚೇರಿಗೆ ಅಲೆಸಿತು. ಜನ ಬರುವವರೆಗೆ ಆತ ಅಲೆಯಲು ತಯಾರಿದ್ದ.

ಡ್ರೈವ್-ಇನ್ ಕಥೆಯನ್ನು ಪಕ್ಕದಲ್ಲಿಟ್ಟರೆ ಟೆಂಟು ಹೋದದ್ದಕ್ಕೆ ಕಾರಣ ಬೇರೆಯೇ ಎಂಬುದು ಇನ್ನೂ ಸ್ಪಷ್ಟ. ನ್ಯೂಜೆರ್ಸಿಯ ಕ್ಯಾಮ್ಡನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಮೊದಲ ಡ್ರೈವ್-ಇನ್ ತೆರೆದದ್ದು 1933ರ ಜೂನ್ 6ರಂದು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಅಂಥವು ಸುಮಾರು ನಾಲ್ಕು ಸಾವಿರ. ಅವಕ್ಕೂ ಹಾಲಿವುಡ್ ಕಂಪನಿಗಳು ಹೊಸ ಚಿತ್ರ ಕೊಡಲು ಹಿಂದೇಟು ಹಾಕುತ್ತಿದ್ದವು. ಬಹುಪಾಲು ಬದುಕಿದ್ದು ಎರಡನೆಯ ಸುತ್ತಿನ ಚಿತ್ರಗಳ ಮೇಲೆ. ಅಷ್ಟರ ಮಟ್ಟಿಗೆ ಕಾರಿನಲ್ಲಿ ಕೂತವರೂ ನೆಲದಲ್ಲಿ ಕೂತ ನಮ್ಮ ಗಾಂಧಿ ಕ್ಲಾಸಿನವರೂ ಒಂದೇ ಪಂಕ್ತಿಯವರು. ಅಲ್ಲಿ ಡ್ರೈವ್-ಇನ್ ಮುಚ್ಚಿದ್ದಕ್ಕೆ ಪಟ್ಟಣ ಬೆಳೆದು ಜಾಗದ ಬೆಲೆ ಏರಿದ್ದು, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ 1966ರ ಕಾನೂನಿನಿಂದ ಕತ್ತಲಾಗುವುದೇ ತಡವಾದದ್ದು, ಆಮೇಲೆ ಮನೆಯ ವಿಡಿಯೊ ಎಂದು ಕಾರಣ ಕೊಡುತ್ತಾರೆ. ನಮ್ಮ ದೇಶದಲ್ಲೂ ಅಹಮದಾಬಾದಿನಲ್ಲಿ 1973ರಲ್ಲಿ ಒಂದು ಡ್ರೈವ್-ಇನ್ ತೆರೆಯಿತು, ಅದು ಕಾರಿದ್ದವರ ನಗರದ ಮಾತು. ಮಧುಗಿರಿ ಸೀಮೆಯಲ್ಲಿ ಸುಗ್ಗಿಯಾದ ಹೊಲಕ್ಕೆ, ಸಂತೆ ಮೈದಾನಕ್ಕೆ ಅಂಥ ಬೆಲೆ ಏರಿರಲಿಲ್ಲ, ಕತ್ತಲೆಗೂ ಬರವಿರಲಿಲ್ಲ. ಹಾಗಿದ್ದೂ ಟೆಂಟು ಹೋಯಿತು. ಆದ್ದರಿಂದ ಅಮೆರಿಕದ ಕಾರಣಗಳನ್ನು ಎರವಲು ತಂದು ಇಲ್ಲಿ ಅಂಟಿಸಿ ಪ್ರಯೋಜನವಿಲ್ಲ.

ಎಲ್ಲರೂ ಮೊದಲು ಹೇಳುವ ಕಾರಣ ಟಿವಿ. ಅದನ್ನು ಅಲ್ಲಗಳೆಯಲಾರೆ, ಆದರೆ ಅದು ಅರ್ಧ ಉತ್ತರ. 1987ರ ಜನವರಿಯಲ್ಲಿ ಶುರುವಾದ ‘ರಾಮಾಯಣ’ ಭಾನುವಾರ ಬೆಳಗಿನದು, ಟೆಂಟಿನ ಆಟ ಕತ್ತಲಾದ ಮೇಲೆ. ಒಂದಕ್ಕೊಂದು ಅಡ್ಡ ಬರುವಂಥವಲ್ಲ. ಹಳ್ಳಿಗೆ ಒಂದೆರಡು ಟಿವಿ, ಅದೂ ಕರೆಂಟು ಇದ್ದಾಗ ಎಂಬ ಸ್ಥಿತಿಯಲ್ಲಿ ನೂರಾರು ಜನ ನೋಡುವ ಪರದೆಯನ್ನು ಅದು ಒಮ್ಮೆಲೇ ಉರುಳಿಸಲಾರದು. ಟಿವಿ ನಿಜವಾಗಿ ಮಾಡಿದ್ದು ಬೇರೆಯೇ: ಸರದಿಯನ್ನು ಮುರಿಯಿತು. ಭಾನುವಾರ ಸಂಜೆಯ ಚಿತ್ರ ಮೆಜೆಸ್ಟಿಕ್ಕಿನವನಿಗೂ ಇಲ್ಲಿನ ಮಿಡಿಗೇಶಿಯವನಿಗೂ ಒಂದೇ ಗಳಿಗೆಯಲ್ಲಿ ತಲುಪಿತು. ಅದರ ಹಿಂದೆಯೇ ಬಂದ ವಿಡಿಯೊ ಕ್ಯಾಸೆಟ್ಟು, ಪ್ರಿಂಟಿನ ದಾರಿಯನ್ನು ಪೂರ್ತಿ ಬಿಟ್ಟು ಒಳದಾರಿ ಹಿಡಿಯಿತು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಟೆಂಟಿನ ಬಂಡವಾಳವಾಗಿದ್ದ ಹಳೆಯ ಕನ್ನಡ ಚಿತ್ರಗಳು ಮನೆಯಲ್ಲೇ ದಿನನಿತ್ಯ ಸಿಗತೊಡಗಿದವು. ಪ್ರೇಕ್ಷಕನ ಜೊತೆಗೆ ಚಿತ್ರಗಳ ಹಳೆಯ ದಾಸ್ತಾನೂ ಟೆಂಟಿನ ಕೈ ತಪ್ಪಿತು. ಬಸ್ಸಿನ ಪಾಲನ್ನೂ ಮರೆಯಬಾರದು. ರೈಲಿಲ್ಲದ ಈ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಓಡಾಟ ಹೆಚ್ಚಿದಂತೆ ತುಮಕೂರು, ಹಿಂದೂಪುರದ ಹೊಸ ಚಿತ್ರ ಅರ್ಧ ದಿನದ ಮಾತಾಯಿತು. ಮನೆಯಲ್ಲಿ ಹಳೆಯದು ಪುಕ್ಕಟೆ, ಪಟ್ಟಣದಲ್ಲಿ ಹೊಸದು ಬಸ್ ಚಾರ್ಜಿನ ದೂರ; ನಡುವೆ ಟೆಂಟಿಗೆ ಉಳಿದ ಜಾಗವೆಷ್ಟು?

ಟೆಂಟನ್ನು ಸಮಾನತೆಯ ಬಯಲು ಎಂದು ಹೊಗಳುವವರಿಗೂ ಒಂದು ಮಾತು. ಹೋಟೆಲಿನಲ್ಲಿ ಬೇರೆ ಲೋಟ, ಗುಡಿಯಲ್ಲಿ ಬೇರೆ ಗೆರೆ ಇದ್ದ ಕಾಲದಲ್ಲಿ ಕಾಸು ಕೊಟ್ಟವನಿಗೆಲ್ಲ ಟಿಕೆಟ್ ಕೊಟ್ಟದ್ದು ಸಣ್ಣ ಸಂಗತಿಯಲ್ಲ, ಒಪ್ಪೋಣ. ಆದರೆ ಒಳಗೂ ಗೆರೆಗಳಿದ್ದವು: ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು, ಹೆಂಗಸರ ಕಡೆ, ಗಂಡಸರ ಕಡೆ ಎಂದು ನಡುವೆ ಅಡ್ಡ. ನೆಲದವರಿಗೆ ‘ಗಾಂಧಿ ಕ್ಲಾಸ್’ ಎಂದು ಹೆಸರಿಟ್ಟದ್ದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ತಡದ ಕುರಿತ ನನ್ನ ವಾದ ಸರಿಯಾದರೆ ಟೆಂಟಿಗೆ ಬಂದ ಗತಿ ಒಂದು ಸುತ್ತು ತಡವಾಗಿ ಖಾಯಂ ಟಾಕೀಸಿಗೂ ಬರಬೇಕು. ಬಂತು. 2005ರ ನಂತರ ಯುಎಫ್‌ಒ, ಕ್ಯೂಬ್ ತರಹದ ಡಿಜಿಟಲ್ ಪ್ರದರ್ಶನ ವ್ಯವಸ್ಥೆ ಹರಡಿ ತಗಡಿನ ಪೆಟ್ಟಿಗೆಯೇ ಇಲ್ಲವಾಯಿತು. ಬೆಂಗಳೂರಿನ ದಿನವೇ ತಾಲ್ಲೂಕಿನಲ್ಲೂ ಬಿಡುಗಡೆ. ಎಲ್ಲರಿಗೂ ಮೊದಲ ದಿನವೇ ಸಿಕ್ಕ ಚಿತ್ರ ಎರಡನೆಯ ವಾರಕ್ಕೆ ಹಳತು. ಒಂಟಿ ಪರದೆಯ ಟಾಕೀಸುಗಳು ರಾಜ್ಯದಾದ್ಯಂತ ಒಂದೊಂದಾಗಿ ಕಲ್ಯಾಣ ಮಂಟಪ, ಗೋದಾಮು, ಮಳಿಗೆಗಳಾದವು. ಮಹಾರಾಷ್ಟ್ರದಲ್ಲಿ ಜಾತ್ರೆಯಿಂದ ಜಾತ್ರೆಗೆ ಲಾರಿಯಲ್ಲಿ ಹೋಗುವ ಟೂರಿಂಗ್ ಟಾಕೀಸು ಇನ್ನೂ ಕೆಲಕಾಲ ಬಾಳಿತಲ್ಲ ಎಂದು ಕೇಳಬಹುದು. 2016ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋದ ‘ದಿ ಸಿನಿಮಾ ಟ್ರಾವೆಲರ್ಸ್’ ಸಾಕ್ಷ್ಯಚಿತ್ರ ಅವರದೇ ಕಥೆ. ಅಲ್ಲಿ ಅವರನ್ನು ಕಾಪಾಡಿದ್ದು ಜಾತ್ರೆಯ ಜನಜಂಗುಳಿ. ಜಾತ್ರೆಗಿಂತ ಹೋಬಳಿಯ ವಾರದ ಪ್ರೇಕ್ಷಕರನ್ನೇ ಹೆಚ್ಚು ನಂಬಿದ ಇಲ್ಲಿನ ಟೆಂಟಿಗೆ ಆ ಆಸರೆ ಸಾಲಲಿಲ್ಲ.

ಟಿವಿಯೇ ಎಲ್ಲವನ್ನೂ ನುಂಗಿತು ಎನ್ನುವವರು ಇದೇ ಸೀಮೆಯ ಇನ್ನೊಂದು ಆಟಕ್ಕೆ ಉತ್ತರ ಹೇಳಬೇಕು. ಬೇಸಿಗೆ ಬಂತೆಂದರೆ ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಇಂದಿಗೂ ರಾತ್ರಿಯಿಡೀ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಕಂದ, ವೃತ್ತ ಕಲಿಸುತ್ತಾರೆ. ಸೀನರಿ, ಲೈಟು, ಕಿರೀಟ ಎಲ್ಲ ಬಾಡಿಗೆಗೆ ಬರುತ್ತವೆ. ದುರ್ಯೋಧನನ ಪಾತ್ರಕ್ಕೆ ರೈತನೊಬ್ಬ ಕೈಯಿಂದ ದುಡ್ಡು ಹಾಕುತ್ತಾನೆ. ಕಡ್ಲೆಕಾಯಿ ಮಾರುವವರು ಅಲ್ಲೂ ಇದ್ದಾರೆ, ಮಹಾಭಾರತದ ಧಾರಾವಾಹಿ ನೋಡಿದವರೂ ಅಲ್ಲೇ ಕೂತಿದ್ದಾರೆ. ಆ ಆಟದ ಪ್ರಿಂಟು ಬೆಂಗಳೂರಿನಲ್ಲಿ ಯಾರ ಬಳಿಯೂ ಇಲ್ಲ, ಅದು ಇಲ್ಲಿಗೆ ಎರಡನೆಯ ಸುತ್ತಿಗೆ ಬರಬೇಕಾದದ್ದೂ ಅಲ್ಲ.